ಅಕ್ಕನ ಬಂಡಿ ಹಿಂಭಾರವಾದದ್ದು

ನಮ್ಮಪ್ಪ ಬೇರೆಯವರು ಬಿಗಿದ ಹಗ್ಗವನ್ನು ನಂಬಿದವನಲ್ಲ. ಯಾರೇ ಬಂಡಿ ಹೇರಿರಲಿ, ಹೊರಡುವ ಮುನ್ನ ಅಪ್ಪ ಅದರ ಸುತ್ತ ಒಂದು ಸಲ ಬರುತ್ತಿದ್ದ, ಗಂಟುಗಳನ್ನು ಬೆರಳಿನಿಂದ ತಡವುತ್ತಿದ್ದ, ಮುಖ ಸಿಂಡರಿಸುತ್ತಿದ್ದ, ಆಮೇಲೆ ಎಲ್ಲವನ್ನೂ ಬಿಚ್ಚಿ ಕೆಳಗಿಳಿಸಿ ಮೊದಲಿನಿಂದ ತಾನೇ ಹೇರುತ್ತಿದ್ದ. ಮೊದಲು ಹೇರಿದವನು ಪಕ್ಕದಲ್ಲಿ ನಿಂತು ಹಲ್ಲು ಕಚ್ಚಿಕೊಂಡು ನೋಡುತ್ತಿರಬೇಕು. ಆ ಗುಣ ನನಗೂ ಬಂದಿದೆ. ಈಗಲೂ ಬಸ್ಸಿನ ಮೇಲೆ ನನ್ನ ಸಾಮಾನು ಹಾಕಿದರೆ ಬಸ್ಸು ನಿಂತಲ್ಲೆಲ್ಲ ಇಳಿದು ಕತ್ತು ಎತ್ತಿ ನೋಡುತ್ತೇನೆ. ಕಂಡಕ್ಟರು ಬೈದುಕೊಳ್ಳಲಿ, ನನಗೇನು.

ನಮ್ಮದು ವಾಡಿ. ಶಹಾಬಾದದ ಸುತ್ತಲಿನ ಗಣಿಗಳಿಂದ ಫರ್ಸಿ ಕಲ್ಲನ್ನು ಬಂಡಿಗಳಲ್ಲಿ ತಂದು ವಾಡಿಯ ಸ್ಟೇಷನ್ನಿಗೆ ಮುಟ್ಟಿಸುವುದು ಅಪ್ಪನ ಕಸುಬು. ನೆಲಕ್ಕೆ ಹಾಸುವ ಆ ಚಪ್ಪಡಿಗಳು ಅಲ್ಲಿಂದ ರೈಲು ಹತ್ತಿ ಎಲ್ಲೆಲ್ಲಿಗೋ ಹೋಗುತ್ತಿದ್ದವು. ಕಲ್ಲು ಗಣಿಯಲ್ಲೇ ಒಡೆದಿತ್ತೋ, ಹಾದಿಯಲ್ಲಿ ಒಡೆಯಿತೋ, ಇಲ್ಲ ಯಾರದೋ ಅಂಗಳದಲ್ಲಿ ಇಳಿದುಹೋಯಿತೋ ಎಂಬ ತಕರಾರು ದಿನಾ ಇದ್ದದ್ದೇ. ಅದಕ್ಕೆ ಅಪ್ಪ ಒಂದು ಉಪಾಯ ಮಾಡಿಕೊಂಡಿದ್ದ. ಹೇರಿ ಹಗ್ಗ ಬಿಗಿದ ಮೇಲೆ ತನ್ನ ಎಲೆ ಅಡಿಕೆಯ ಸುಣ್ಣದ ಡಬ್ಬಿಗೆ ಬೆರಳು ಅದ್ದಿ, ಗಂಟುಗಳ ಮೇಲೂ ಕಲ್ಲಿನ ಅಂಚುಗಳ ಮೇಲೂ ಅಡ್ಡಗೀರು ಎಳೆಯುತ್ತಿದ್ದ. ನಡುವೆ ಯಾರಾದರೂ ಗಂಟು ಸಡಿಲಿಸಿದರೆ, ಒಂದೇ ಒಂದು ಕಲ್ಲು ಎಳೆದರೆ, ಒಣಗಿದ ಗೀರು ಮುರಿದು ಹೇಳಿಬಿಡುತ್ತಿತ್ತು. ಬಂಡಿ ಹೊಡೆಯುವವರು ಆ ಗೀರು ಕಂಡರೆ ಉರಿದುಬೀಳುತ್ತಿದ್ದರು.

ಆದರೆ ಬಂಡಿ ಹೇರುವುದರಲ್ಲಿ ಅಪ್ಪನನ್ನು ಮೀರಿಸುವವರು ಆ ಸೀಮೆಯಲ್ಲಿ ಇರಲಿಲ್ಲ. ಮಗಳೆಂದು ಹೇಳುತ್ತಿಲ್ಲ, ಬೈಯುವವರೂ ಒಪ್ಪುತ್ತಿದ್ದ ಮಾತದು. ಭಾರವಾದದ್ದು ಕೆಳಗೆ, ಗಾಲಿಗಳ ನಡುವಿನ ಅಚ್ಚಿನ ಮೇಲೆ. ಎಡಗಾಲಿಗೆ ಎಷ್ಟೋ ಬಲಗಾಲಿಗೂ ಅಷ್ಟೇ. ಮೆತ್ತನೆಯದು, ಹಗುರವಾದದ್ದು ಮೇಲೆ. ಒಟ್ಟು ಭಾರ ಅಚ್ಚಿನಿಂದ ಸ್ವಲ್ಪವೇ ಮುಂದಕ್ಕೆ ವಾಲಿರಬೇಕು. ತೀರ ಮುಂದಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಹಿಂದಾದರೆ ಇನ್ನೂ ಕೆಟ್ಟದ್ದು. ಬಂಡಿಯ ಉದ್ದನೆಯ ಮೂಕಿ ಮೇಲಕ್ಕೆ ಏಳುತ್ತದೆ, ಅದರ ತುದಿಯ ನೊಗವೂ ಏಳುತ್ತದೆ, ನೊಗಕ್ಕೆ ಕಟ್ಟಿದ ಕೊರಳಪಟ್ಟಿ ಎತ್ತಿನ ಗಂಟಲು ಹಿಚುಕುತ್ತದೆ. ಇದಕ್ಕೆ ಹಿಂಭಾರ ಅನ್ನುತ್ತಾರೆ. ಹಿಂಭಾರದ ಬಂಡಿ ಇಳಿಜಾರಿನಲ್ಲಿ ಅತ್ತಿತ್ತ ಹೊಯ್ದಾಡುತ್ತದೆ, ಏರಿನಲ್ಲಿ ಎತ್ತನ್ನೇ ಕೊಲ್ಲುತ್ತದೆ. ಅದಕ್ಕೇ ಅಪ್ಪ ಎತ್ತು ಹೂಡುವ ಮೊದಲು ನೊಗಕ್ಕೆ ಒಂದು ಕೈ ಹಾಕಿ ಎತ್ತಿ ನೋಡುತ್ತಿದ್ದ. ತುಂಬಿದ ಕೊಡದಷ್ಟು ಭಾರ ಕೈಗೆ ಬಂದರೆ ಸರಿ, ಬರದಿದ್ದರೆ ಮತ್ತೆ ಎಲ್ಲ ಬಿಚ್ಚು.

ನಾನು ಹೇಳಹೊರಟದ್ದು ಅಕ್ಕನನ್ನು ಗಂಡನ ಊರು ಚಿಂಚೋಳಿಗೆ ಕಳಿಸಿದ ಸಲದ ಮಾತು. ನಿಜಾಮರ ಆಳ್ವಿಕೆ ಇನ್ನೂ ಗಟ್ಟಿಯಾಗಿದ್ದ ಕಾಲ. ಅಕ್ಕ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಗಂಡು ಕೂಸು. ಕೂಸಿಗೆ ಕುತ್ತಿಗೆ ನಿಂತ ಮೇಲೆ ಗಂಡನ ಮನೆಯಿಂದ ಬಂಡಿ ಬರಬೇಕು, ತವರಿನ ಹೊಸ್ತಿಲಿನಿಂದ ಅದೇ ಬಂಡಿಯಲ್ಲಿ ಹೊರಡಬೇಕು, ಜೊತೆಗೆ ತಂಗಿಯೊಬ್ಬಳು ಹೋಗಿ ಕೆಲವು ದಿನ ಇದ್ದು ಬರಬೇಕು ಎಂಬುದು ನಮ್ಮ ಕಡೆಯ ರೂಢಿ. ಸೇಡಂತನಕ ರೈಲಿದೆಯಲ್ಲ, ಹಾದಿ ಎಷ್ಟೋ ಕಮ್ಮಿಯಾಗುತ್ತದಲ್ಲ ಅಂದರೆ ಅವ್ವ ಕೇಳಲಿಲ್ಲ. ಬಾಣಂತಿಯನ್ನು ಸ್ಟೇಷನ್ನಿನಿಂದ ಸಾಗಹಾಕಿದರು ಅಂತ ಬೀಗರು ಆಡಿಕೊಂಡಾರು ಎಂಬ ಹೆದರಿಕೆ ಅವಳಿಗೆ. ಜೊತೆಗೆ ಹೋಗಬೇಕಾದ ತಂಗಿ ನಾನೇ. ನನ್ನ ಮದುವೆಯೂ ಆ ವರ್ಷವೇ ಗೊತ್ತಾಗಿತ್ತು.

ಅಕ್ಕನಿಗೆ ಹೋಗುವ ಮನಸ್ಸು ಇರಲಿಲ್ಲ. ಬಂಡಿ ಬಂದ ದಿನ ಸಂಜೆ ಅವ್ವನ ಹತ್ತಿರ, "ಇನ್ನೊಂದೀಟು ದಿನ ಇದ್ದು ಹೋಗ್ತೀನವಾ," ಅಂದಳು.

"ಅಲ್ಲಿಂದ ಬಂಡಿ ಬಂದು ನಿಂತದ. ಖಾಲಿ ಕಳಿಸಿದ್ರ ನಿನ್ನ ಅತ್ತಿ ಸುಮ್ನ ಬಿಡ್ತಾಳೇನು? ನಾಳಿಗಿ ನೀನೇ ಮಾತು ಕೇಳಬೇಕಾಗ್ತದ," ಎಂದಳು ಅವ್ವ. ಅಕ್ಕ ತೊಟ್ಟಿಲ ಕಡೆ ತಿರುಗಿದಳು. ಚೊಚ್ಚಲ ಕೂಸಿನ ತಾಯಿ, ತವರು ಬಿಡುವಾಗ ಮುಖ ಸಣ್ಣದು ಮಾಡುವುದು ಇದ್ದದ್ದೇ ಎಂದು ನಾವೆಲ್ಲ ಅಂದುಕೊಂಡೆವು.

ಬಂಡಿ ತಂದವನು ಬೀಗರ ಮನೆಯ ಹಳೆಯ ಆಳು, ನಡುವಯಸ್ಸಿನವ, ಮಾತು ಕಡಿಮೆ. ಮಾತು ಕಡಿಮೆ ಇದ್ದವರ ಮೇಲೆ ಅಪ್ಪನಿಗೆ ಮೊದಲಿಂದಲೂ ಗುಮಾನಿ. ಮಾತು ಜಾಸ್ತಿ ಇದ್ದವರ ಮೇಲೂ ಇತ್ತು, ಆ ಮಾತು ಬೇರೆ.

"ಇವ ಏನೋ ಹೊಟ್ಟ್ಯಾಗ ಇಟ್ಟಗೊಂಡಾನ," ಎಂದ ಅಪ್ಪ. "ಬಂದಾಗಿಂದ ನನ್ನ ಮಾರಿ ನೋಡವಲ್ಲ."

"ನಿಮಗ ಯಾರ ಮ್ಯಾಲ ಶಕ್ ಇಲ್ಲ ಹೇಳ್ರಿ," ಎಂದಳು ಅವ್ವ. "ತೊಟ್ಟಿಲಾಗಿನ ಕೂಸಿನ ಮ್ಯಾಲೂ ಶಕ್ ಮಾಡವರು ನೀವು."

ಹೀಗೆ ಛೇಡಿಸಿದರೂ ಅವ್ವನಿಗೂ ಒಳಗೆ ಅಳುಕಿತ್ತು. ಹಾದಿಯಲ್ಲಿ ಒಂದು ಲೋಟ ಕಮ್ಮಿಯಾದರೂ ಆ ಮನೆಯಲ್ಲಿ ಉತ್ತರ ಕೊಡಬೇಕಾದವಳು ಮಗಳು. ಆಳು ಕದ್ದ ಅನ್ನುವವರು ಯಾರು? ತವರಿನವರು ಕೊಡಲಿಲ್ಲ ಅನ್ನುತ್ತಾರೆ. ಕೊನೆಗೆ ಅಪ್ಪನೇ ಬಂಡಿಯ ಜೊತೆ ಹೊರಡುವುದೆಂದಾಯಿತು. ಹೆಣ್ಣು ಕೊಟ್ಟ ತಂದೆ ಬಾಣಂತಿಯ ಬಂಡಿಗೆ ಕಾವಲು ಹೋಗುವುದು ನಮ್ಮಲ್ಲಿ ಅಷ್ಟು ಚೆಂದ ಕಾಣುವುದಿಲ್ಲ. ಅಪ್ಪ ಚೆಂದಕ್ಕೆ ಹೆದರುವವನಾಗಿರಲಿಲ್ಲ.

ಬೀಗರು ಅಡುಗೆಮನೆಯ ನೆಲಕ್ಕೆಂದು ಫರ್ಸಿ ಕಲ್ಲು ಕೇಳಿ ಕಳಿಸಿದ್ದರು. ಅಪ್ಪ ಅವನ್ನು ಹುಲ್ಲಿನ ನಡುವೆ ಒತ್ತಾಗಿ ನಿಲ್ಲಿಸಿ ಸರಿಯಾಗಿ ಅಚ್ಚಿನ ಮೇಲೆ ಕೂರಿಸಿದ. ಜೋಳದ ಚೀಲ ಒಂದು ಮಗ್ಗುಲಿಗೆ, ತೊಗರಿಬೇಳೆ ಇನ್ನೊಂದು ಮಗ್ಗುಲಿಗೆ, ಬೆಲ್ಲದ ಪೆಂಟೆಗಳು ಹೊಂದಿಕೆಗೆ. ತಾಮ್ರದ ಹಂಡೆಯೊಳಗೆ ಸಣ್ಣ ಪಾತ್ರೆಗಳು. ಮೇಲೆ ತೊಟ್ಟಿಲು, ಕೌದಿಗಳು, ಅಕ್ಕನ ತಗಡಿನ ಟ್ರಂಕು. ಮುಂದೆ ಎತ್ತಿನ ಮೇವಿಗೆ ಕಣಕಿಯ, ಅಂದರೆ ಜೋಳದ ದಂಟಿನ, ಸಿವುಡು. ಕಣಕಿಯ ಹಿಂದೆ, ಬಂಡಿಗೆ ಹೊದಿಸಿದ ಕಮಾನಿನ ನೆರಳಿನಲ್ಲಿ, ಅಕ್ಕ ಮತ್ತು ನಾನು ಕೂರಬೇಕಾದ ಜಾಗ. ನಮ್ಮಿಬ್ಬರನ್ನೂ ಅಪ್ಪ ಲೆಕ್ಕಕ್ಕೆ ಹಿಡಿದಿದ್ದ.

"ಇಲ್ಲೇ ಕುಂದರ್ರಿ. ಹಾದಿ ಮುಗಿಯೋತನಕ ಅಲ್ಲಾಡಬ್ಯಾಡ್ರಿ," ಎಂದು ಬೆರಳು ತೋರಿಸಿ ಹೇಳಿದ. ನನಗಂತೂ ಕಣ್ಣು ಬಿಟ್ಟೇ ಹೇಳಿದ.

ಆಮೇಲೆ ಸುಣ್ಣದ ಡಬ್ಬಿ ತೆಗೆದ. ಹಗ್ಗದ ಗಂಟು, ಚೀಲದ ಬಾಯಿ, ಹಂಡೆಗೆ ಕಟ್ಟಿದ ಬಟ್ಟೆ, ಒಂದನ್ನೂ ಬಿಡಲಿಲ್ಲ. ಬಂಡಿಯವನು ಎತ್ತುಗಳ ಹಗ್ಗ ಹಿಡಿದು ನೋಡುತ್ತ ನಿಂತಿದ್ದ, ಮುಖದಲ್ಲಿ ಏನೂ ಇರಲಿಲ್ಲ. ಅಕ್ಕ ಕೂಸನ್ನೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ನನ್ನ ಟ್ರಂಕಿಗೂ ಹಚ್ಚತಿ ಏನಪಾ?" ಎಂದಳು.

"ನಿನ್ನ ಟ್ರಂಕಿಗೇ ಮದ್ಲ ಹಚ್ಚಬೇಕವಾ," ಎಂದ ಅಪ್ಪ, ಬೀಗದ ಕೊಂಡಿಯ ಮೇಲೆ ಬಿಳಿ ಗೀರು ಎಳೆಯುತ್ತ. ಅಕ್ಕ ತಿರುಗಿ ಒಳಗೆ ಹೋದಳು. ಅವಳನ್ನು ಮತ್ತೆ ಕರೆತರಲು ಅವ್ವ ಹೋಗಬೇಕಾಯಿತು.

ಚಿತ್ತಾಪುರದ ತನಕ ಬಂಡಿ ಗೊಂಬೆಯ ಹಾಗೆ ನಡೆಯಿತು. ಅಪ್ಪ ಎಡಗಡೆಯ ಬಿಳಿ ಎತ್ತಿನ ಪಕ್ಕದಲ್ಲಿ ನಡೆಯುತ್ತಿದ್ದ, ಬಂಡಿಯವನು ಮೂಕಿಯ ಬುಡದಲ್ಲಿ ಕುಳಿತು ಹೊಡೆಯುತ್ತಿದ್ದ. ಚಿತ್ತಾಪುರ ದಾಟಿ ದಂಡೋತಿಯ ಹಾದಿ ಹಿಡಿದ ಮೇಲೆ ಅಕ್ಕ ಕೂಸನ್ನು ನನ್ನ ತೊಡೆಯ ಮೇಲೆ ಹಾಕಿ, ಕೌದಿಗಳ ಮೇಲಿನಿಂದ ತೆವಳಿ ಹಿಂದಕ್ಕೆ ಹೋದಳು. ಬಂಡಿಯ ಹಿಂಬದಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತಳು. ಸೆಕೆ ಆಗಿರಬೇಕು, ಕಮಾನಿನೊಳಗೆ ಗಾಳಿ ಆಡುವುದಿಲ್ಲ ಅಂದುಕೊಂಡೆ. ನಮ್ಮಿಬ್ಬರ ನಡುವೆ ತೊಟ್ಟಿಲು, ಟ್ರಂಕು ಅಡ್ಡವಿದ್ದವು. ನನಗೆ ಅವಳ ಸೆರಗಿನ ತುದಿ ಮಾತ್ರ ಕಾಣುತ್ತಿತ್ತು.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಿಳಿ ಎತ್ತು ಕೆಮ್ಮಿತು. ಅಪ್ಪ ಕೂಡಲೇ ನೊಗ ನೋಡಿದ. ಅದು ಎತ್ತಿನ ಹೆಗಲು ಬಿಟ್ಟು ಮೇಲೆ ಎದ್ದಿತ್ತು.

"ನಿಲ್ಲಸು!" ಎಂದು ಕೂಗಿದ. "ಎಲ್ಲಾರೂ ಇಳೀರಿ."

ಇಳಿದೆವು. ಅಪ್ಪ ಎತ್ತು ಬಿಚ್ಚಿಸಿ ನೊಗಕ್ಕೆ ಕೈ ಹಾಕಿ ಎತ್ತಿದ. ವಾಡಿಯಲ್ಲಿ ನಾವು ಹತ್ತುವ ಮೊದಲು ಎಷ್ಟಿತ್ತೋ ಅಷ್ಟೇ ಭಾರ. ಇಳಿಸಿ ಮತ್ತೆ ಎತ್ತಿದ. ಅಷ್ಟೇ. ಹಗ್ಗ ಸಡಿಲಾಗಿರಲಿಲ್ಲ, ಸುಣ್ಣದ ಗೀರು ಒಂದೂ ಮುರಿದಿರಲಿಲ್ಲ.

"ಮುಂದಿಟ್ಟ ಕಣಕಿ ಎತ್ತು ತಿಂದಾವಲ್ರಿ ಸಾವ್ಕಾರ್ರ," ಎಂದ ಬಂಡಿಯವನು. "ಅಲ್ಲಿ ಭಾರ ಕಮ್ಮಿ ಆಗೇದ, ಅದಕ್ಕ ಮೂಕಿ ಏಳಾಕತ್ತದ."

ಅಪ್ಪ ಅವನನ್ನೇ ನೋಡಿದ. "ಕಣಕಿ ಕಮ್ಮಿ ಆಗಿದ್ರ ಈಗೂ ಹಗುರ ಇರಬೇಕಿತ್ತಲ್ಲ? ಬರಾಬರಿ ಅದ. ನಿಂತಾಗ ಬರಾಬರಿ, ನಡದಾಗ ಹಿಂಭಾರ. ಇದ್ಯಾವ ಆಟ?"

ಬಂಡಿಯವನು ಎತ್ತಿನ ಗಂಗೆದೊಗಲು ಸವರುತ್ತ ನಿಂತ. ಅವನು ಸುಳ್ಳು ಹೇಳಿದ್ದ, ಅದು ನನಗೂ ಗೊತ್ತಾಯಿತು. ಯಾಕೆ ಹೇಳಿದ ಎಂಬುದು ಮಾತ್ರ ತಿಳಿಯಲಿಲ್ಲ. ಆಗಿನಿಂದ ನಾನೂ ಅವನ ಕೈಕಾಲಿನ ಮೇಲೆ ಕಣ್ಣಿಟ್ಟೆ.

ಆ ರಾತ್ರಿ ದಂಡೋತಿಯಲ್ಲಿ ಅಪ್ಪನ ಸೋದರತ್ತೆಯ ಮನೆಯಲ್ಲಿ ತಂಗಿದೆವು. ಅಪ್ಪ ಒಳಗೆ ಮಲಗಲಿಲ್ಲ, ಬಂಡಿಯ ಕೆಳಗೇ ಕಂಬಳಿ ಹಾಸಿಕೊಂಡ. ಬೆಳಿಗ್ಗೆ ಎದ್ದವನೇ ಗೀರುಗಳನ್ನೆಲ್ಲ ನೋಡಿದ. ಎಲ್ಲ ಇದ್ದ ಹಾಗೇ ಇದ್ದವು. ಅದರಿಂದ ಅವನಿಗೆ ಸಮಾಧಾನ ಆಗಬೇಕಿತ್ತು, ಬದಲಿಗೆ ಮುಖ ಇನ್ನಷ್ಟು ಗಂಟಾಯಿತು. ಕಣಕಿ ತರಿಸಿ ಮುಂದೆ ತುಂಬಿಸಿದ. ಕಾಗಿಣಾ ನದಿಯಲ್ಲಿ ಎತ್ತುಗಳಿಗೆ ನೀರು ಕುಡಿಸಿ ಹೊರಟೆವು.

ಊರು ದಾಟಿದ್ದೇ ತಡ ಅಕ್ಕ ಮತ್ತೆ ಹಿಂದಕ್ಕೆ ಸರಿದಳು. ಮತ್ತೆ ನೊಗ ಎದ್ದಿತು. ಅಪ್ಪ ಈ ಸಲ ಬಂಡಿ ನಿಲ್ಲಿಸಲಿಲ್ಲ, ಜಿಗಿದು ಮುಂದೆ ಬಂಡಿಯವನ ಪಕ್ಕ ಕುಳಿತ. ನೊಗ ಇಳಿಯಿತು, ಬಂಡಿ ನೆಟ್ಟಗೆ ನಡೆಯಿತು. ಮೈಲಿಗಟ್ಟಲೆ ಹಾಗೇ ಹೋದೆವು. ಅಪ್ಪ ಇಳಿದ, ಮತ್ತೆ ಎದ್ದಿತು.

ಮಳಖೇಡದ ಹಾಳುಕೋಟೆಯ ನೆರಳಲ್ಲಿ ರೊಟ್ಟಿ ತಿನ್ನುವಾಗ ಅಪ್ಪ ನನ್ನ ಕಿವಿಯಲ್ಲಿ ಹೇಳಿದ, "ನೋಡಿದೇನು? ನಾ ಮ್ಯಾಲ ಇದ್ರ ಏನೂ ಮಾಡಂಗಿಲ್ಲ. ನಾ ಇಳದ್ರ ಸುರು ಮಾಡತಾನ."

"ಏನು ಮಾಡತಾನಪಾ?"

"ಅದೇ ತಿಳಿಯವಲ್ದು," ಎಂದ. ಅವನ ದನಿಯಲ್ಲಿ ನಿಜವಾದ ಸಂಕಟವಿತ್ತು. ಕಲ್ಲಿನ ವ್ಯವಹಾರದಲ್ಲಿ ಅವನಿಗೆ ಗೊತ್ತಾಗದ ಕಳ್ಳತನವೇ ಇರಲಿಲ್ಲ. ಇದೊಂದು ಅವನ ಕೈಗೆ ಸಿಗುತ್ತಿರಲಿಲ್ಲ. ಅಕ್ಕ ರೊಟ್ಟಿ ಮುರಿದಿದ್ದಳು, ತಿಂದಿರಲಿಲ್ಲ. ಬಂಡಿಯವನು ದೂರದಲ್ಲಿ ಕುಳಿತು ತನ್ನ ಗಂಟು ಬಿಚ್ಚಿ ಉಣ್ಣುತ್ತಿದ್ದ. ಉಂಡು, ಗಂಟನ್ನು ಮತ್ತೆ ಕಟ್ಟಿ, ಬಂಡಿಯ ಕೆಳಗಿನ ಕೊಕ್ಕೆಗೆ ತೂಗುಹಾಕಿದ. ಹಿಂಬದಿಯ ಕೊಕ್ಕೆಗೆ. ಅದನ್ನು ಅಪ್ಪನೂ ನೋಡಿದ, ನಾನೂ ನೋಡಿದೆ.

ಮಳಖೇಡ ಬಿಟ್ಟ ಮೇಲೆ ನೊಗ ಎದ್ದ ಕೂಡಲೇ ಅಪ್ಪ ಬಂಡಿಯ ಹಿಂದಕ್ಕೆ ಓಡಿದ. ಕಳ್ಳನನ್ನು ಕೈಯಾರೆ ಹಿಡಿಯುವ ಓಟ ಅದು. ಯಾರೋ ಹಾದಿಯಲ್ಲಿ ಹಿಂದಿನಿಂದ ಜೋತುಬೀಳುತ್ತಿರಬೇಕು ಎಂದು ಅವನಿಗೆ ಅನ್ನಿಸಿತ್ತು. ಅಲ್ಲಿ ಅಕ್ಕನ ಹೊರತು ಯಾರೂ ಇರಲಿಲ್ಲ. ಅವಳು ನಾವು ಬಂದ ಹಾದಿಯನ್ನು ನೋಡುತ್ತ ಕುಳಿತಿದ್ದಳು.

"ಯಾರರೆ ಬಂದಿದ್ರೇನವಾ ಇಲ್ಲಿ?" ಎಂದ ಅಪ್ಪ.

"ಯಾರೂ ಇಲ್ಲಪಾ."

ಅಪ್ಪ ಬಗ್ಗಿ ಬಂಡಿಯ ಕೆಳಗೆ ನೋಡಿದ. ತೂಗಾಡುತ್ತಿದ್ದ ಆ ಗಂಟನ್ನು ಕೈಯಿಂದ ಅಂದಾಜು ಮಾಡಿದ. ಸುತ್ತಲಿನ ಹೊಲಗಳನ್ನು ನೋಡಿದ. ಮತ್ತೆ ಮುಂದೆ ಹೋದ. ಒಂದು ಚೀಲ, ಒಂದು ಹಂಡೆ, ಒಂದು ಕಲ್ಲು ಎಷ್ಟು ಭಾರ ಎಂದು ಕಣ್ಣಿನಲ್ಲೇ ಹೇಳುತ್ತಿದ್ದ ನನ್ನಪ್ಪ ಮಗಳ ಎದುರು ನಿಂತು, ಅವಳ ಕೂಡ ಮಾತಾಡಿ, ಅವಳನ್ನು ನೋಡದೆ ಹೋದ. ಹೊರಡುವಾಗ ಅವಳ ಜಾಗ ಎಲ್ಲಿ ಎಂದು ತೋರಿಸಿದವನು ಅವನೇ. ತಾನು ಕೂರಿಸಿದ ಮಗಳು ತಾನಾಗಿ ಸರಿದಾಳು ಎಂಬುದು ಅವನ ತಲೆಗೇ ಬರಲಿಲ್ಲ. ನನ್ನ ತಲೆಗೂ ಬರಲಿಲ್ಲ. ನಾವಿಬ್ಬರೂ ಆ ಬಡಪಾಯಿಯ ಗಂಟಿನ ಮೇಲೆ ಕಣ್ಣು ನೆಟ್ಟಿದ್ದೆವು.

ಸೇಡಂ ಇನ್ನೇನು ಕಾಣಬೇಕು ಅನ್ನುವಾಗ ಒಂದು ಹಳ್ಳ ಬಂತು. ಇಳಿಯುವಾಗ ಬಂಡಿ ಅತ್ತಿತ್ತ ಹೊಯ್ದಾಡಿತು, ನಾನು ಕೂಸನ್ನು ಎದೆಗೆ ಅವುಚಿಕೊಂಡೆ. ಆಚೆ ದಂಡೆ ಏರುವಾಗ ಭಾರವೆಲ್ಲ ಹಿಂದಕ್ಕೆ ಜಗ್ಗಿತು. ಮೂಕಿ ಒಮ್ಮೆಗೇ ಆಕಾಶಕ್ಕೆ ಎದ್ದಿತು. ಬಿಳಿ ಎತ್ತು ಕೊರಳಪಟ್ಟಿಯಲ್ಲಿ ನೇತುಬಿದ್ದ ಹಾಗಾಗಿ ನಾಲಿಗೆ ಹೊರಹಾಕಿತು, ಹಿಂಗಾಲು ಕುಸಿಯಿತು. ಬಂಡಿಯ ಬಾಲ ನೆಲಕ್ಕೆ ಬಡಿಯಿತು. ಅಕ್ಕ ಜಾರಿ ಹಾದಿಯ ಮೇಲೆ ಇಳಿದಳು. ಅವಳು ಇಳಿದ ಮರುಗಳಿಗೆ ಮೂಕಿ ತಾನಾಗಿ ಕೆಳಗೆ ಬಂತು. ಬಂಡಿಯವನು ಗಾಲಿಗೆ ಕಲ್ಲು ಕೊಟ್ಟು ಕೊರಳಪಟ್ಟಿ ಬಿಚ್ಚಿದ. ಎತ್ತು ಉಸಿರು ಎಳೆದುಕೊಂಡು ಎದ್ದು ನಿಂತಿತು. ಎಲ್ಲ ಕಣ್ಣು ಮಿಟುಕಿಸುವುದರಲ್ಲಿ ಮುಗಿಯಿತು.

ಅಪ್ಪ ಎತ್ತನ್ನು ನೋಡಲಿಲ್ಲ. ನೇರ ಬಂಡಿಯ ಕೆಳಗೆ ತೂರಿ ಕೊಕ್ಕೆಯ ಗಂಟನ್ನು ಕಿತ್ತುಕೊಂಡು ಬಂದ. ಸೇಡಂ ಸಂತೆಯಿಂದ ಮರಳುತ್ತಿದ್ದ ನಾಲ್ಕಾರು ಮಂದಿ ಆಗಲೇ ಕೂಡಿದ್ದರು.

"ಇದರಾಗ ಏನದ? ಏನು ಹೊಂಟದ ನನ್ನ ಮನಿಯಿಂದ ಇದರಾಗ?" ಎಂದು ಕಿರುಚಿದ.

"ಏನಿಲ್ರಿ. ಬುತ್ತಿ ಅದ," ಎಂದ ಬಂಡಿಯವನು.

ಅಪ್ಪ ಗಂಟನ್ನು ಬಿಚ್ಚಿ ನೆಲದ ಮೇಲೆ ಕೊಡವಿದ. ಕಟಕ ರೊಟ್ಟಿ, ಶೇಂಗಾ ಚಟ್ನಿಯ ಪೊಟ್ಟಣ, ಒಂದು ಹಳೆಯ ಧೋತರ ಬಿದ್ದವು. ಧೋತರದ ಮಡಿಕೆಯಿಂದ ಸಣ್ಣ ಹಸಿರು ಬಳೆಗಳು ಉರುಳಿ ಮಣ್ಣಿನಲ್ಲಿ ಚೆಲ್ಲಿದವು. ಪುಟ್ಟ ಹುಡುಗಿಯ ಕೈಗಾಗುವಂಥವು.

"ಇವು ಎಲ್ಲಿಂದ ಬಂದ್ವು?"

"ವಾಡಿ ಬಜಾರದಾಗ ತಗೊಂಡೀನ್ರಿ. ನನ್ನ ಮಗಳಿಗಿ."

"ಖರೇ ಹೇಳು, ಎಲ್ಲಿಂದ ಬಂದ್ವು?"

ಆಗ ಅಕ್ಕ ಬಂದಳು. ಅವಳ ಸೀರೆಗೆ ಧೂಳು ಮೆತ್ತಿತ್ತು, ಮುಖ ಅತ್ತು ಅತ್ತು ಊದಿಕೊಂಡಿತ್ತು. ಆ ಮುಖವನ್ನು ಹಿಂದಿನ ದಿನದಿಂದ ನಮ್ಮಲ್ಲಿ ಒಬ್ಬರೂ ಸರಿಯಾಗಿ ನೋಡಿರಲಿಲ್ಲ. ಅವಳು ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತು ಬಳೆಗಳನ್ನು ಒಂದೊಂದಾಗಿ ಆರಿಸಿ ಸೆರಗಿನಿಂದ ಒರೆಸತೊಡಗಿದಳು.

"ಕಟ್ಟಪಾ ಅದನ್ನ," ಎಂದಳು. "ಬಿಚ್ಚಿದಿಯಲ್ಲ, ಈಗ ಕಟ್ಟು."

"ನಿನಗ ತಿಳಿಯಂಗಿಲ್ಲ ಸುಮ್ಮನಿರು."

"ನನಗ ತಿಳಿದಷ್ಟು ಯಾರಿಗೂ ತಿಳಿಯಂಗಿಲ್ಲ. ಅಲ್ಲೂ ನನ್ನ ಗಂಟು ಹಿಂಗೇ ಬಿಚ್ಚತಾರ. ಹಿಂಗೇ ನೆಲದ ಮ್ಯಾಲ, ಓಣಿ ಮಂದಿ ಮುಂದ. ಇದೇ ಮಾತು ಕೇಳತಾರ, ಇದು ಎಲ್ಲಿಂದ ಬಂತು, ಖರೇ ಹೇಳು."

ಅಪ್ಪನ ಕೈಯಲ್ಲಿ ಖಾಲಿ ಬಟ್ಟೆ ಹಾಗೇ ಉಳಿಯಿತು.

ಅಕ್ಕ ಬಳೆ ಒರೆಸುತ್ತಲೇ ಎಲ್ಲ ಹೇಳಿದಳು. ಆ ಮನೆಯಲ್ಲಿ ತೀರಿಹೋದ ಮಾವನ ಬೆಳ್ಳಿಯ ಕರಡಿಗೆ ಇತ್ತು, ಲಿಂಗ ಇಟ್ಟು ಕೊರಳಿಗೆ ಕಟ್ಟಿಕೊಳ್ಳುವಂಥದ್ದು. ಅಕ್ಕ ಬಸುರಿಯಾದ ಮೇಲೆ ಒಂದು ದಿನ ಅದು ಕಾಣಲಿಲ್ಲ. ಅತ್ತೆ ಸೊಸೆಯ ಟ್ರಂಕನ್ನು ಅಂಗಳಕ್ಕೆ ತರಿಸಿ, ಓಣಿಯ ಹೆಂಗಸರ ಎದುರು ಒಂದೊಂದು ಕುಪ್ಪಸ ಕೊಡವಿ ನೋಡಿದಳು. ಕರಡಿಗೆ ಆಮೇಲೆ ದೇವರ ಜಗಲಿಯ ಹಿಂದೆ ಸಿಕ್ಕಿತು. ಸಿಕ್ಕಿತು ಎಂದು ಯಾರೂ ಓಣಿಗೆ ಹೇಳಲಿಲ್ಲ. ಅಂದಿನಿಂದ ಅವಳು ಎಲ್ಲಿಗೆ ಹೊರಟರೂ ಗಂಟು ಬಿಚ್ಚಬೇಕು, ಎಲ್ಲಿಂದ ಬಂದರೂ ಬಿಚ್ಚಬೇಕು. ಹೆರಿಗೆಗೆಂದು ತುಂಬಿದ ಹೊಟ್ಟೆ ಹೊತ್ತು ವಾಡಿಗೆ ಹೊರಟ ದಿನವೂ ಬಿಚ್ಚಿದ್ದರಂತೆ. ಟ್ರಂಕನ್ನು ಅಂಗಳಕ್ಕೆ ಹೊತ್ತು ತರುವ ಕೆಲಸ ಈ ಬಂಡಿಯವನದೇ.

"ಸಣ್ಣವ್ವಾರು ನಿನ್ನಿಯಿಂದ ಹಿಂದ ಕುಂತು ಅಳಾಕತ್ತಾರ್ರಿ," ಎಂದ ಅವನು ಮೆಲ್ಲಗೆ. ಅಕ್ಕನನ್ನು ಅವನು ಸಣ್ಣವ್ವ ಅನ್ನುತ್ತಿದ್ದ. "ಅಳವರಿಗಿ ಮುಂದ ಬರ್ರಿ, ಬಂಡಿ ಹಿಂಭಾರ ಆಗ್ಯಾದ ಅಂತ ಹ್ಯಾಂಗ ಅನ್ಲಿ? ಅದಕ್ಕ ತಪ್ಪು ಕಣಕಿ ಮ್ಯಾಲ ಹಾಕಿದೆ."

ಅಪ್ಪ ಬಂಡಿಯ ಹಿಂಬದಿ ನೋಡಿದ. ನೊಗ ನೋಡಿದ. ಆಮೇಲೆ ಮಗಳನ್ನು ನೋಡಿದ. ಅವನ ಲೆಕ್ಕ ಕೂಡಿತ್ತು. ಕೂಡಿದ ಲೆಕ್ಕ ಅವನನ್ನು ಹಳ್ಳದ ದಂಡೆಯ ಮೇಲೆ ಕೂರಿಸಿಬಿಟ್ಟಿತು.

"ನನಗ ಹೇಳಬೇಕಿಲ್ಲೇನವಾ?" ಎಂದ.

"ಹೇಳಿದ್ರ ನೀ ಮದ್ಲ ಕರಡಿಗಿ ಎಲ್ಲಿ ಅಂತ ಕೇಳತಿದ್ದಿ," ಎಂದಳು ಅಕ್ಕ.

ಅಪ್ಪ ಅಲ್ಲ ಅನ್ನಲಿಲ್ಲ. ಅಲ್ಲ ಅಂದಿದ್ದರೆ ನಾನೇ ನಂಬುತ್ತಿರಲಿಲ್ಲ. ಅವನು ಎದ್ದು ರೊಟ್ಟಿ, ಚಟ್ನಿ, ಧೋತರ ಎಲ್ಲವನ್ನೂ ಬಟ್ಟೆಗೆ ಹಾಕಿದ. ಅಕ್ಕನ ಕೈಯಿಂದ ಬಳೆ ಇಸಿದುಕೊಂಡು ಧೋತರದ ಮಡಿಕೆಯಲ್ಲಿ ಮೊದಲಿದ್ದಂತೆಯೇ ಇಟ್ಟ. ಗಂಟು ಕಟ್ಟಿ ಎರಡೂ ಕೈಯಲ್ಲಿ ಹಿಡಿದು ಬಂಡಿಯವನಿಗೆ ಕೊಟ್ಟ. ನಮ್ಮಪ್ಪ ಎರಡು ಕೈಯಲ್ಲಿ ಯಾರಿಗೂ ಏನನ್ನೂ ಕೊಟ್ಟದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಸಾಮಾನು ನೀ ತಗೊಂಡು ಹೋಗು," ಎಂದ. "ಬೀಗತಿಗಿ ಹೇಳು, ಎಲ್ಲಾ ಬಿಚ್ಚಿ ಎಣಿಸ್ಕೋರಿ ಅಂತ. ಸೊಸಿ ಎಲ್ಲಿ ಅಂತ ಕೇಳಿದ್ರ, ಸೊಸಿ ಸಾಮಾನು ಅಲ್ಲ, ಅದಕ್ಕ ಬಂಡ್ಯಾಗ ಬಂದಿಲ್ಲ ಅನ್ನು. ಬೇಕಾದವರು ವಾಡಿಗಿ ಬಂದು ಕರೀಲಿ."

ಬಂಡಿಯವನು ಅಕ್ಕನನ್ನು ನೋಡಿದ. ಅವಳು ತಲೆ ಆಡಿಸಿದಳು. ಹೀಗೆ ಅರ್ಧ ಹಾದಿಯಿಂದ ಬಾಣಂತಿಯನ್ನು ತಿರುಗಿಸಿದರೆ ಜನ ಏನಂದಾರು, ನನ್ನ ಮದುವೆ ಏನಾದೀತು ಎಂಬುದು ನನಗೂ ಗೊತ್ತಿತ್ತು. ಆದರೂ ಹೇಳುತ್ತೇನೆ, ನನಗೆ ಖುಷಿಯಾಗಿತ್ತು. ಆ ಮನೆಯ ಅಂಗಳಕ್ಕೆ ಬೆಂಕಿ ಬೀಳಲಿ ಅನ್ನುವಷ್ಟು ಸಿಟ್ಟೂ ಬಂದಿತ್ತು.

ನಾವು ಇಳಿದ ಮೇಲೆ ಮುಂದಿನ ಭಾರ ಕಮ್ಮಿಯಾಗುತ್ತದೆ, ಬಂಡಿಯನ್ನು ಮತ್ತೆ ಹೇರಬೇಕು. ಅಪ್ಪ ರೂಢಿಯಂತೆ ಹಗ್ಗಕ್ಕೆ ಕೈ ಹಾಕಿದ. ಹಾಕಿದ ಕೈ ಅಲ್ಲೇ ತಡೆಯಿತು.

"ನೀನೇ ಕಟ್ಟಪಾ," ಎಂದು ಬಂಡಿಯವನಿಗೆ ಹೇಳಿ ದೂರ ಸರಿದ.

ಬಂಡಿಯವನು ಹಗ್ಗ ಬಿಚ್ಚಿದ. ಸುಣ್ಣದ ಗೀರುಗಳು ಪುಡಿಯಾಗಿ ಉದುರಿದವು. ಅವನು ಜೋಳದ ಚೀಲವನ್ನು ಮುಂದಕ್ಕೆ ಜಗ್ಗಿದ, ಬೆಲ್ಲ ಸರಿಸಿದ, ತೊಟ್ಟಿಲನ್ನು ಬೋರಲು ಹಾಕಿ ಬಿಗಿದ. ನೊಗ ಎತ್ತಿ ನೋಡಿದ. ಅಪ್ಪ ಬೆನ್ನು ತಿರುಗಿಸಿ ನಿಂತಿದ್ದ. ಅಕ್ಕನ ಟ್ರಂಕನ್ನು ಮಾತ್ರ ಇಳಿಸಿಕೊಂಡಿದ್ದ. ಅದರ ಬೀಗದ ಮೇಲಿನ ಗೀರನ್ನು ಹೆಗಲ ವಸ್ತ್ರದಿಂದ ತಿಕ್ಕುತ್ತಿದ್ದ. ಒಣ ಸುಣ್ಣ ಬೇಗ ಹೋಗುವುದಿಲ್ಲ. ಉಗುಳು ಹಚ್ಚಿ ತಿಕ್ಕಿದ.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ. ಸಾಮಾನು ಒಂದೂ ಕಮ್ಮಿಯಿಲ್ಲದೆ ಚಿಂಚೋಳಿ ಮುಟ್ಟಿತು, ಮಾತೂ ಮುಟ್ಟಿತು. ನನ್ನ ಮದುವೆ ಮುಂದಕ್ಕೆ ಹೋಯಿತು, ಮುರಿಯಲಿಲ್ಲ. ಮಳೆ ಹಿಡಿಯುವ ಮೊದಲು ಭಾವ ಒಬ್ಬನೇ ವಾಡಿಗೆ ಬಂದ. ಜಗಲಿಯ ಮೇಲೆ ತಲೆ ತಗ್ಗಿಸಿ ಕುಳಿತು, "ಇನ್ನ ಮ್ಯಾಲ ಹಂಗ ಆಗಂಗಿಲ್ರಿ ಮಾವಾ," ಅಂದ. ಅಕ್ಕ ಟ್ರಂಕಿನ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು. ಮತ್ತೆ ಯಾರೂ ಅದನ್ನು ಕೇಳಲಿಲ್ಲವಂತೆ. ಅವಳ ಅತ್ತೆಯ ಅನುಮಾನ ಹೋಯಿತೋ, ಬಾಯಿ ಮಾತ್ರ ಮುಚ್ಚಿತೋ ನನಗೆ ಗೊತ್ತಿಲ್ಲ. ಹೋಯಿತು ಎಂದು ನಾನಂತೂ ನಂಬಿಲ್ಲ. ನಮ್ಮಪ್ಪನದೇ ಪೂರ್ತಿ ಹೋಗಲಿಲ್ಲ. ಕಲ್ಲಿನ ಬಂಡಿಗಳ ಮೇಲೆ ಅವನು ಕೊನೆತನಕ ಗೀರು ಎಳೆದ.

ಅವತ್ತು ಮಾತ್ರ ಹಳ್ಳದಿಂದ ಸೇಡಂ ಸ್ಟೇಷನ್ನಿನ ತನಕ ಅಪ್ಪ ಟ್ರಂಕನ್ನು ಹೆಗಲ ಮೇಲೆ ಹೊತ್ತು ನಡೆದ. ನಾನು ಕೂಸನ್ನು ಎತ್ತಿಕೊಂಡಿದ್ದೆ. ಅಕ್ಕ ನಮ್ಮಿಬ್ಬರ ಮುಂದೆ ಬರಿಗೈಯಲ್ಲಿ ನಡೆಯುತ್ತಿದ್ದಳು, ನಾವು ಜೋರಾಗಿ ಹೆಜ್ಜೆ ಹಾಕಿದರೂ ಅವಳನ್ನು ಕೂಡಿಕೊಳ್ಳಲು ಆಗುತ್ತಿರಲಿಲ್ಲ. ವಾಡಿಯ ಕಡೆ ಹೋಗುವ ಗಾಡಿ ಬಂತು. ಡಬ್ಬಿ ಅರ್ಧ ಖಾಲಿಯಿತ್ತು. ಅಕ್ಕ ಹತ್ತಿ ನಿಂತು ರೂಢಿಯಂತೆ ಅಪ್ಪನ ಕಡೆ ತಿರುಗಿದಳು.

"ಎಲ್ಲಿ ಕುಂದರ್ಲಿಪಾ?"

ಅಪ್ಪ ಟ್ರಂಕನ್ನು ಇಳಿಸಿದ. ಹಲಗೆಗಳನ್ನು ನೋಡಿದ, ಕಿಟಕಿಗಳನ್ನು ನೋಡಿದ.

"ನಿನಗ ಎಲ್ಲಿ ಬೇಕೋ ಅಲ್ಲಿ ಕುಂದರವ್ವಾ," ಎಂದ.